ಎಂಟು ತಿಂಗಳ ಮಗು, ಬೇಸಿಗೆ ರಜೆ, ಊಟಿ: ಮಕ್ಕಳ ಡಾಕ್ಟರಿಗೆ ಪ್ರಶ್ನೆಗಳು

ಪ್ರಶ್ನೆ (ಚಿಕ್ಕಬಳ್ಳಾಪುರ): ನಮಸ್ತೆ ಡಾಕ್ಟ್ರೇ. ಮಗುಗೆ ಎಂಟು ತಿಂಗಳು, ತೂಕ 8 ಕೆಜಿ. ಮೇ ತಿಂಗಳಲ್ಲಿ ಕಾರಲ್ಲಿ ಊಟಿಗೆ ಹೋಗೋಣ ಅಂತಿದ್ದೀವಿ. ಅಷ್ಟು ಎತ್ತರದಲ್ಲಿ ಕೂಸಿಗೆ ಉಸಿರಾಟದ ತೊಂದ್ರೆ ಆಗುತ್ತೆ, ಬೇಡ ಅಂತಾರೆ ಅತ್ತೆ. ಘಾಟ್‌ನಲ್ಲಿ ವಾಂತಿ ಆಗದ ಹಾಗೆ ಮೊದಲೇ ಸಿರಪ್ ಕೊಡಬಹುದಾ?

ಉತ್ತರ: ಊಟಿ ಇರೋದು ಸುಮಾರು 2,240 ಮೀಟರ್ ಎತ್ತರದಲ್ಲಿ. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಶುರುವಾಗುತ್ತೆ. ಹಾಗಾಗಿ ಆರೋಗ್ಯವಾಗಿರುವ ಮಗುವನ್ನು ಧೈರ್ಯವಾಗಿ ಕರ್ಕೊಂಡು ಹೋಗಿ. ತಿಂಗಳು ತುಂಬದೆ ಹುಟ್ಟಿದ ಮಗು, ಹೃದಯದ ತೊಂದರೆ ಇರೋ ಮಗು, ಈಗ ಕೆಮ್ಮು ಕಫ ಇರೋ ಮಗು ಆದರೆ ಮಾತ್ರ ಮೊದಲು ತೋರಿಸಿ. ಲೇಹ್‌ನಂಥ 3,500 ಮೀಟರ್ ಜಾಗ ಈ ವಯಸ್ಸಿಗೆ ಬೇಡ.

ಸಿರಪ್ ಖಂಡಿತ ಬೇಡ. ಪ್ರೊಮೆಥಜೀನ್ ಇರುವ ವಾಂತಿ ಔಷಧಿಯಿಂದ ಎರಡು ವರ್ಷದೊಳಗಿನ ಮಕ್ಕಳ ಉಸಿರಾಟವೇ ಕುಗ್ಗಬಹುದು. ಇಷ್ಟು ಚಿಕ್ಕ ಮಕ್ಕಳಿಗೆ ಪ್ರಯಾಣದ ವಾಕರಿಕೆ ಬರೋದೂ ಅಪರೂಪ. ಹೊಟ್ಟೆ ಬಿರಿಯ ರಾಗಿ ಸರಿ ತಿನ್ನಿಸಿ ತಕ್ಷಣ ಘಾಟ್ ಹತ್ತಬೇಡಿ, ಒಂದು ಗಂಟೆ ಬಿಡಿ. ಮಸಿನಗುಡಿಯಿಂದ ಕಲ್ಲಹಟ್ಟಿ ದಾರಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಗೂಡಲೂರಿನ ದಾರಿ ಉದ್ದವಾದರೂ ಸಲೀಸು. ಬಂಡೀಪುರದ ಗೇಟ್ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತೆ, ಊಟಿಗೆ ಇ-ಪಾಸ್ ಬೇಕು. ಒಂದೇ ದಿನಕ್ಕೆ ಎಳೆಯಬೇಡಿ, ಮೈಸೂರಲ್ಲಿ ಒಂದು ರಾತ್ರಿ ತಂಗಿ.

ಮಗು ಹಿಂದಿನ ಸೀಟಲ್ಲಿ, ಹಿಮ್ಮುಖದ ಬೇಬಿ ಸೀಟಲ್ಲಿ ಇರಲಿ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ತೊಡೆ ಮೇಲಿನ ಕೂಸನ್ನು ಯಾರ ಕೈಯೂ ಹಿಡಿದಿಡಲಾರದು. ಸೀಟಿಗೆ ಅಳುತ್ತೆ ಅನ್ನೋದಾದ್ರೆ ಮೊದಲು ನಮ್ಮ ನಂದಿ ಬೆಟ್ಟಕ್ಕೆ ಒಂದು ಸುತ್ತು ಹೋಗಿ ರೂಢಿ ಮಾಡಿಸಿ. ಘಾಟ್ ಇಳಿಯುವಾಗ ಕಿವಿ ಕಟ್ಟಿ ಅಳುತ್ತೆ. ಗಾಡಿ ನಿಲ್ಲಿಸಿ ಹಾಲು ಕುಡಿಸಿ; ನುಂಗುವಾಗ ಕಿವಿ ಬಿಟ್ಟುಕೊಳ್ಳುತ್ತೆ.

ಪ್ರಶ್ನೆ (ಗೌರಿಬಿದನೂರು): ರಾಗಿ ಸರಿ ಮಾಡಿ ಫ್ಲಾಸ್ಕಲ್ಲಿ ತಗೊಂಡು ಹೋದ್ರೆ ಆಗುತ್ತಾ ಸರ್? ಅಲ್ಲಿ ನೀರಿಗೆ ಏನು ಮಾಡೋದು?

ಉತ್ತರ: ಬೇಡಮ್ಮ. ಫ್ಲಾಸ್ಕಿನ ಉಗುರುಬೆಚ್ಚಗಿನ ಸರಿಯಲ್ಲಿ ರೋಗಾಣು ಬೇಗ ಬೆಳೆಯುತ್ತೆ, ಪ್ರವಾಸದಲ್ಲಿ ಭೇದಿ ಆಗೋದು ಹೆಚ್ಚಾಗಿ ಹೀಗೇ. ಪುಡಿ ಒಯ್ಯಿರಿ, ಅಲ್ಲೇ ಬೇಯಿಸಿ, ಎರಡು ಗಂಟೆಯೊಳಗೆ ಮುಗಿಸಿ. ಪುಡಿಗೆ ಬಿಸಿನೀರು ಸುರಿದು ಕಲಸಿದರೆ ಬೆಂದಂತಲ್ಲ. ದಾರಿಯಲ್ಲಿ ಒಲೆ ಸಿಗದಿದ್ರೆ ಬಾಳೆಹಣ್ಣು ಕಿವುಚಿ ಕೊಡಿ.

ಊಟಿಯಲ್ಲಿ ನೀರು ಸುಮಾರು 92–93 ಡಿಗ್ರಿಗೇ ಕುದಿಯುತ್ತೆ, ಅದಕ್ಕೆ ಮೂರು ನಿಮಿಷ ತಳಮಳ ಕುದಿಸಬೇಕು. ರೂಮಿನ ಕೆಟಲ್ ಕುದಿ ಬಂದ ತಕ್ಷಣ ಆಫ್ ಆಗಿಬಿಡುತ್ತೆ. ಅಡುಗೆಮನೆಯವರನ್ನು ಕೇಳಿ ಪಾತ್ರೆಯಲ್ಲಿ ಕುದಿಸಿಕೊಳ್ಳಿ. ಅಲ್ಲಿ ಬೆಟ್ಟದ ಜೇನು ಎಲ್ಲಾ ಕಡೆ ಸಿಗುತ್ತೆ. ಒಂದು ವರ್ಷ ತುಂಬುವವರೆಗೆ ಒಂದು ತೊಟ್ಟೂ ನೆಕ್ಕಿಸಬೇಡಿ, ಬೊಟುಲಿಸಂ, ಅಂದರೆ ಮೈಯ ಸ್ನಾಯುಗಳೇ ಸೋತುಹೋಗುವ ವಿಷಬಾಧೆ, ಆಗುವ ಅಪಾಯ ಇದೆ.

ಭೇದಿಯಾದರೆ ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಹಾಕಿ. ಅರ್ಧ ಪೊಟ್ಟಣ ಅಂದಾಜಿಗೆ ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ತೊಂದರೆ. ಒಂದೊಂದು ಸಲ ಭೇದಿಯಾದಾಗಲೂ 50ರಿಂದ 100 ಮಿಲಿ, ಚಮಚದಲ್ಲಿ. ಎದೆಹಾಲು ನಿಲ್ಲಿಸಬೇಡಿ.

ಪ್ರಶ್ನೆ (ಚಿಕ್ಕಬಳ್ಳಾಪುರ): ಜ್ವರ ಬಂದ್ರೆ? ರಾತ್ರಿ ಚಳಿಗೆ?

ಉತ್ತರ: ಪ್ಯಾರಸಿಟಮಾಲ್ ಒಂದು ಕೆಜಿಗೆ 15 ಮಿಗ್ರಾಂ, ಅಂದರೆ ನಿಮ್ಮ ಮಗುಗೆ 120 ಮಿಗ್ರಾಂ. ಒಂದು ಮಿಲಿಯಲ್ಲಿ 100 ಮಿಗ್ರಾಂ ಇರೋ ಡ್ರಾಪ್ಸ್ ಆದರೆ 1.2 ಮಿಲಿ, 5 ಮಿಲಿಯಲ್ಲಿ 120 ಮಿಗ್ರಾಂ ಇರೋ ಸಿರಪ್ ಆದರೆ 5 ಮಿಲಿ. ಸಿರಪ್ ಅಂದುಕೊಂಡು ಡ್ರಾಪ್ಸನ್ನೇ 5 ಮಿಲಿ ಕುಡಿಸಿದರೆ ನಾಲ್ಕು ಪಟ್ಟು ಆಗಿಹೋಗುತ್ತೆ, ಬಾಟಲಿ ಮೇಲಿನ ಅಂಕಿ ಓದಿಯೇ ಕೊಡಿ. ಆರು ಗಂಟೆಗೊಮ್ಮೆ ಸಾಕು.

ನೀವು ಹಾಕಿಕೊಂಡದ್ದಕ್ಕಿಂತ ಒಂದು ಪದರ ಬಟ್ಟೆ ಹೆಚ್ಚು ಹಾಕಿ. ಕೈಕಾಲು ತಣ್ಣಗಿರೋದು ಲೆಕ್ಕಕ್ಕಿಲ್ಲ, ಕತ್ತಿನ ಹಿಂಭಾಗ ಮುಟ್ಟಿ ನೋಡಿ; ಬೆವರಿದ್ರೆ ಒಂದು ಪದರ ತೆಗೆಯಿರಿ. ಮುಖದ ಮೇಲೆ ಕಂಬಳಿ ಬೇಡ. ಹೊರಗಡೆ ಉರಿಸಿದ ಇದ್ದಿಲ ಕೆಂಡವನ್ನು ಎಂಥಾ ಚಳಿ ಇದ್ದರೂ ಮುಚ್ಚಿದ ರೂಮಿಗೆ ತರಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಮಲಗಿದವರಿಗೆ ಎಚ್ಚರವೂ ಆಗೋದಿಲ್ಲ.

ಉಸಿರಾಡುವಾಗ ಎದೆ ಒಳಗೆ ಸೆಳೆದರೆ, ಹಾಲು ಪೂರ್ತಿ ಬಿಟ್ಟರೆ, ಆರು ಗಂಟೆ ಮೂತ್ರ ಮಾಡದಿದ್ದರೆ ಊರಿಗೆ ವಾಪಸ್ ಬಂದು ತೋರಿಸೋಣ ಅಂತ ಕಾಯಬೇಡಿ, ಅಲ್ಲೇ ಆಸ್ಪತ್ರೆಗೆ ಹೋಗಿ.