ಜೈಲಿನೊಳಗೆ ಪ್ರವಚನ ಬೇಕೇ?

ಶರಾವತಿ ತೀರ: ಜೈಲಿಗೆ ಸ್ವಾಮಿಗಳು, ಪಾದ್ರಿಗಳು, ಮೌಲ್ವಿಗಳು ಹೋಗುವುದನ್ನೇ ನಿಲ್ಲಿಸಬೇಕು ಎನ್ನುವವರಿಗೆ ಒಂದು ಮಾತು. 1994ರ ಏಪ್ರಿಲ್‌ನಲ್ಲಿ ತಿಹಾರ್ ಜೈಲಿನಲ್ಲಿ ಧ್ಯಾನಗುರು ಗೋಯೆಂಕಾ ಅವರ ವಿಪಶ್ಯನಾ ಶಿಬಿರಕ್ಕೆ, ಅಂದರೆ ಹತ್ತು ದಿನದ ಮೌನ ಧ್ಯಾನಕ್ಕೆ, ಸಾವಿರಕ್ಕೂ ಹೆಚ್ಚು ಕೈದಿಗಳು ಕುಳಿತಿದ್ದರು. ಪೊಲೀಸ್ ಅಧಿಕಾರಿ ಕಿರಣ್ ಬೇಡಿ ಆಗ ಅಲ್ಲಿನ ಐಜಿ, ಅಂದರೆ ಜೈಲಿನ ಮುಖ್ಯಸ್ಥೆ. ಅಷ್ಟು ದಿನ ಮಾತಿಲ್ಲದೆ ಕೂರುವುದು ಹೊರಗಿರುವ ನಮ್ಮ ಕೈಲೇ ಆಗುವುದಿಲ್ಲ.

ಕರಿಕೋಟು: ಕುಳಿತಿದ್ದರು, ಸರಿ. ಆದರೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ತಪ್ಪು ಮಾಡಿದ್ದಾನೋ ಇಲ್ಲವೋ ತೀರ್ಮಾನವೇ ಆಗದವನಿಗೆ ಪಶ್ಚಾತ್ತಾಪ ಬೋಧಿಸುವುದೇ? ನನ್ನ ಕಕ್ಷಿದಾರನೊಬ್ಬನಿಗೆ ಜಾಮೀನು ಸಿಕ್ಕಿದೆ, ಶ್ಯೂರಿಟಿ ನಿಲ್ಲಲು, ಅಂದರೆ ಅವನ ಹೊಣೆ ಹೊರಲು, ಜಮೀನಿರುವವರು ಸಿಕ್ಕಿಲ್ಲ. ಭೇಟಿಗೆ ಹೋದಾಗಲೆಲ್ಲ ಒಂದೇ ಪ್ರಶ್ನೆ: "ಅಮ್ಮಾ, ಪಹಣಿ ಸಿಕ್ಕಿತಾ?"

ಹಳೇ ವಾರ್ಡರ್: ಮೇಡಂ, ಸಾಂತ್ವನ ಹೆಚ್ಚು ಬೇಕಾದದ್ದು ಅವರಿಗೇ. ಶಿಕ್ಷೆಯಾದವನಿಗೆ ಬಿಡುಗಡೆಯ ತಾರೀಖಾದರೂ ಗೊತ್ತು. ತಾಯಿ ತೀರಿಕೊಂಡ ಸುದ್ದಿ ಬಂದು, ಮಣ್ಣಿಗೆ ಹೋಗಲಾಗದ ಹುಡುಗನೊಬ್ಬ ಊಟ ಬಿಟ್ಟಿದ್ದ. ಆ ದಿನ ಬಂದವರು ಒಬ್ಬ ಪಾದ್ರಿ, ಹುಡುಗ ಲಿಂಗಾಯತ. ಬೈಬಲ್ ತೆರೆಯಲಿಲ್ಲ. ಒಂದು ವಿಭೂತಿ ಗಟ್ಟಿ ತರಿಸಿಕೊಡಿ ಎಂದು ನಮಗೆ ಹೇಳಿ ಅವನ ಪಕ್ಕ ಕುಳಿತರು.

ನೀಲಿ ಶಾಯಿ: ಅಂಥವರ ಬಗ್ಗೆ ತಕರಾರಿಲ್ಲ. ಆದರೆ ಜೈಪುರದ ಜೈಲಿನಲ್ಲಿ 1975ರಲ್ಲೇ ವಿಪಶ್ಯನಾ ನಡೆಯಿತೆಂದು ಕೊಂಡಾಡುತ್ತಾರಲ್ಲ, ಅಡುಗೆಗೆ ಬ್ರಾಹ್ಮಣ ಅಥವಾ ಮೇಲ್ಜಾತಿಯ ಹಿಂದೂ ಕೈದಿಯೇ ಅರ್ಹ ಎಂಬ ನಿಯಮ ಅದೇ ರಾಜಸ್ಥಾನದಲ್ಲಿ ಆಮೇಲೂ ದಶಕಗಳ ಕಾಲ ಹಾಗೇ ಇತ್ತು. ಜಾತಿ ನೋಡಿ ಜೈಲುಗೆಲಸ ಹಂಚುವುದು ಅಸಾಂವಿಧಾನಿಕ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2024ರ ಅಕ್ಟೋಬರ್ 3ರಂದು. ಅರ್ಜಿ ಹಾಕಿದವರು ಪತ್ರಕರ್ತೆ ಸುಕನ್ಯಾ ಶಾಂತಾ. ಯಾವ ಮಠವೂ ಅಲ್ಲ, ಯಾವ ಆಶ್ರಮವೂ ಅಲ್ಲ.

ಶರಾವತಿ ತೀರ: ಸ್ಟ್ಯಾನ್ ಸ್ವಾಮಿ ಪಾದ್ರಿಯೇ ಅಲ್ಲವೇ? ಬೆಂಗಳೂರಿನಲ್ಲೂ ವರ್ಷಗಟ್ಟಲೆ ಇದ್ದವರು. ಜಾರ್ಖಂಡದ ಆದಿವಾಸಿ ವಿಚಾರಣಾಧೀನರ ಪರವಾಗಿ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದರು.

ಕರಿಕೋಟು: ಹತ್ತಿದ್ದರು. ಆಮೇಲೆ ತಾವೇ ವಿಚಾರಣಾಧೀನರಾದರು. ಪಾರ್ಕಿನ್ಸನ್‌ನಿಂದ ಕೈ ನಡುಗುತ್ತಿದ್ದ ಆ ಮುದುಕರು ನೀರು ಕುಡಿಯುವ ಸಿಪ್ಪರ್‌ಗೂ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈನಲ್ಲಿ ತೀರಿಕೊಂಡರು, ಜಾಮೀನಿಲ್ಲದೆ.

ಹಳೇ ವಾರ್ಡರ್: ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಮೇಡಂ, ಜಾಮೀನು ಸಿಕ್ಕಿ ಏಳು ದಿನವಾದರೂ ಬಿಡುಗಡೆಯಾಗದಿದ್ದರೆ ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು 2023ರಲ್ಲೇ ಸುಪ್ರೀಂ ಕೋರ್ಟಿನ ಆದೇಶವಿದೆ. ನಿಮ್ಮ ಕಕ್ಷಿದಾರನ ಹೆಸರು ಅಲ್ಲಿಗೆ ಹೋಗಿದೆಯೇ, ನಾಳೆಯೇ ವಿಚಾರಿಸಿ.