ಹೇಳಿದ್ದು ಅಲ್ಲೇ ಮರೆಯುವ ಹುಡುಗ, ಏನು ಮಾಡಲಿ?

ವಾಸ್ಕೋ ಅಕ್ಕ:
ಎಲ್ಲರಿಗೂ ನಮಸ್ಕಾರ. ನಾನು ಗೋವಾದಲ್ಲಿ, ವಾಸ್ಕೋ ಹತ್ತಿರದ ಝುವಾರಿನಗರದಲ್ಲಿ ಸಂಜೆ ಹೊತ್ತು ಹತ್ತು ಹನ್ನೆರಡು ಮಕ್ಕಳಿಗೆ ಪಾಠ ಹೇಳುತ್ತೇನೆ. ಹೆಚ್ಚಿನವರು ಬಾಗಲಕೋಟೆ, ವಿಜಯಪುರ, ಗದಗ ಕಡೆಯವರು. ಅದರಲ್ಲಿ ಒಬ್ಬ ಹುಡುಗನ ಬಗ್ಗೆ ಕೇಳಬೇಕಿತ್ತು. ಐದನೇ ಕ್ಲಾಸು. ಊರಲ್ಲಿ ಕನ್ನಡ ಮೀಡಿಯಂ ಓದುತ್ತಿದ್ದವನು, ದೀಪಾವಳಿ ಮುಗಿಯುತ್ತಿದ್ದ ಹಾಗೇ ಅಪ್ಪನಿಗೆ ಇಲ್ಲಿ ಗೌಂಡಿ ಕೆಲಸ ಸಿಕ್ಕಿತು ಅಂತ ಬಂದುಬಿಟ್ಟ. ಇಲ್ಲಿ ಕ್ಲಾಸಲ್ಲಿ ಇಂಗ್ಲಿಷ್, ಆಟಕ್ಕೆ ಹೋದರೆ ಕೊಂಕಣಿ, ಹಿಂದಿ.

ಬಾಯಿಲೆಕ್ಕದಲ್ಲಿ ಚುರುಕು. ಆದರೆ "ನೋಟ್‌ಬುಕ್ ತೆಗಿ, ತಾರೀಖು ಹಾಕು, ಮೂರನೇ ಲೆಕ್ಕ ಮಾಡು" ಅಂದರೆ ನೋಟ್‌ಬುಕ್ ತೆಗೆದು ಸುಮ್ನೆ ಕೂರುತ್ತಾನೆ. ದಿನಾ ಎಲ್ಲ ಪುಸ್ತಕವನ್ನೂ ಹೊತ್ತು ತರುತ್ತಾನೆ. ಬ್ಯಾಗಿನ ಒಂದು ಪಟ್ಟಿ ಕಿತ್ತುಹೋಗಿ ಅಲ್ಲಿ ಪಿನ್ನು ಚುಚ್ಚಿದ್ದಾನೆ. ಯಾಕೋ ಇಷ್ಟು ಭಾರ ಅಂದರೆ, "ಯಾವತ್ತು ಯಾವುದು ಅಂತ ನೆನಪಿರಲ್ಲ ಅಕ್ಕಾ, ಬಿಟ್ಟು ಹೋದ್ರೆ ಹೊಡೀತಾರೆ" ಅಂದ. ಸ್ಕೂಲಲ್ಲಿ ಮಂದ ಅಂದಿದ್ದಾರಂತೆ. ಬರುವ ವರ್ಷ ಕೆಲಸಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಅಪ್ಪ ಹೇಳುತ್ತಿದ್ದಾರೆ. ನೆಟ್‌ನಲ್ಲಿ 'ಎಕ್ಸಿಕ್ಯುಟಿವ್ ಫಂಕ್ಷನ್' ಅಂತ ಏನೋ ಓದಿದೆ. ಇದು ಕಾಯಿಲೆಯಾ? ನಾನೇನು ಮಾಡಬಹುದು?

ಪುಣೆ ಕೌನ್ಸೆಲರ್:
ಅಕ್ಕ, ಎಕ್ಸಿಕ್ಯುಟಿವ್ ಫಂಕ್ಷನ್ ಅನ್ನುವುದು ಕಾಯಿಲೆಯ ಹೆಸರಲ್ಲ. ಹೇಳಿದ್ದನ್ನು ಸ್ವಲ್ಪ ಹೊತ್ತು ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು, ಮನಸ್ಸು ಎಳೆದ ಕಡೆ ಹೋಗದೆ ತಡೆದುಕೊಳ್ಳುವುದು, ಒಂದರಿಂದ ಇನ್ನೊಂದಕ್ಕೆ ಹೊರಳುವುದು, ಈ ಮೂರಕ್ಕೂ ಸೇರಿ ಆ ಹೆಸರು. ಇದನ್ನು ನೋಡಿಕೊಳ್ಳುವುದರಲ್ಲಿ ಹಣೆಯ ಹಿಂದಿರುವ ಮಿದುಳಿನ ಭಾಗದ ಪಾಲು ದೊಡ್ಡದು. ಆ ಭಾಗ ಪೂರ್ತಿ ಬಲಿಯುವುದಕ್ಕೆ ಸುಮಾರು 25 ವರ್ಷ ಬೇಕು. ಭಯ, ನಿದ್ದೆಗೇಡು, ಮನೆಯ ಚಿಂತೆ ಜಾಸ್ತಿಯಾದರೆ ಮೊದಲು ಏಟು ಬೀಳುವುದು ಇದಕ್ಕೇ.

ನಿಮ್ಮ ಹುಡುಗ ನೀವು ಹೇಳಿದ್ದನ್ನು ಕೇಳುವಾಗಲೇ ತಲೆಯಲ್ಲಿ ಭಾಷೆ ಬದಲಾಯಿಸಿಕೊಳ್ಳುತ್ತಿರಬಹುದು. ಅಷ್ಟರಲ್ಲಿ ಎರಡನೇ ಮಾತು ಜಾರಿಹೋಗುತ್ತದೆ. ಜೋರ್ಡಾನ್‌ನಲ್ಲಿ ಸಿರಿಯಾದ ನಿರಾಶ್ರಿತ ಹುಡುಗ ಹುಡುಗಿಯರನ್ನೂ ಅಲ್ಲಿನವರನ್ನೂ ಒಟ್ಟಿಗೆ ಪರೀಕ್ಷಿಸಿದ ಅಧ್ಯಯನ ಒಂದು 2019ರಲ್ಲಿ ಬಂತು. ಈ 'ಹಿಡಿದಿಟ್ಟುಕೊಳ್ಳುವ' ನೆನಪು ಕಡಿಮೆಯಾಗಿದ್ದಕ್ಕೆ ಯುದ್ಧ ನೋಡಿದ್ದಕ್ಕಿಂತ ಮನೆಯ ಬಡತನದ ನಂಟು ಜಾಸ್ತಿ ಕಂಡಿತು, ಎರಡೂ ಕಡೆಯ ಮಕ್ಕಳಲ್ಲಿ. ದೊಡ್ಡವರೂ ಹೀಗೇ. ತಮಿಳುನಾಡಿನ ಕಬ್ಬು ಬೆಳೆಗಾರರು ಕಟಾವಿಗೆ ಮುಂಚೆ, ಕೈಯಲ್ಲಿ ಕಾಸಿಲ್ಲದಾಗ ಇಂಥ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು, ದುಡ್ಡು ಬಂದ ಮೇಲೆ ಅದೇ ಜನ ಚೆನ್ನಾಗಿ ಮಾಡಿದರು. ಇದು 2013ರಲ್ಲಿ ಪ್ರಕಟವಾಯಿತು. ಹಾಗಾಗಿ ಮಂದ ಅನ್ನುವ ಮಾತನ್ನು ದಯವಿಟ್ಟು ಅವನ ಮುಂದೆ ಯಾರೂ ಆಡದ ಹಾಗೆ ನೋಡಿಕೊಳ್ಳಿ.

ಒಂದು ಸಲಕ್ಕೆ ಒಂದೇ ಮಾತು ಹೇಳಿ, ಅದೂ ಕನ್ನಡದಲ್ಲಿ. ಅವನು ಅದನ್ನು ಮುಗಿಸಿದ ಮೇಲೆ ಇನ್ನೊಂದು. ಕಣ್ಣು, ಕಿವಿ ಒಮ್ಮೆ ಡಾಕ್ಟರಿಗೆ ತೋರಿಸಿ. ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತಾನೆ ಕೇಳಿ. ಇಷ್ಟಾದರೂ ಹಾಗೇ ಇದ್ದರೆ, ಊಟ ಬಿಟ್ಟರೆ, ರಾತ್ರಿ ಬೆಚ್ಚಿ ಏಳುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಗೋವಾದಲ್ಲೇ ಬಾಂಬೋಲಿಮ್‌ನಲ್ಲಿ ಸರ್ಕಾರದ ಮನೋವೈದ್ಯ ಸಂಸ್ಥೆಯೂ ಇದೆ.

ಬೈನಾದವಳು:
ಇದನ್ನು ಓದಿ ಕೈ ನಡುಗಿತು. 2004ರ ಜೂನ್‌ನಲ್ಲಿ ವಾಸ್ಕೋದ ಬೈನಾದಲ್ಲಿ ಸರ್ಕಾರದವರು ಮನೆಗಳನ್ನು ಕೆಡವಿದಾಗ ನಾನೂ ಐದನೇ ಕ್ಲಾಸೇ. ಮಳೆ ಶುರುವಾಗಿತ್ತು. ಅವ್ವ ಪಾತ್ರೆ ಹೊರಗೆ ಹಾಕುತ್ತಿದ್ದಳು, ನಾನು ಸ್ಕೂಲ್ ಬ್ಯಾಗನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಅಪ್ಪಿಕೊಂಡು ನಿಂತಿದ್ದೆ. ಆಮೇಲೆ ಒಂದು ವರ್ಷ ಆ ಬ್ಯಾಗನ್ನು ತಲೆದಿಂಬಿನ ಹಾಗೆ ಇಟ್ಟುಕೊಂಡು ಮಲಗಿದೆ. ಕ್ಲಾಸಲ್ಲಿ ಟೀಚರ್ ಮಾತು ಕೇಳುತ್ತಿತ್ತು, ಆದರೆ ಒಳಗೆ ಇಳಿಯುತ್ತಿರಲಿಲ್ಲ. ಸಂಜೆ ಹೋದರೆ ಮನೆ ಇರುತ್ತದಾ ಅನ್ನುವುದೊಂದೇ ತಲೆಯಲ್ಲಿ. ನನಗೂ ದಡ್ಡಿ ಅಂದರು.

ಪಕ್ಕದ ಮನೆಯ ಅಜ್ಜಿಯೊಬ್ಬರು ದಿನಾ ಸಂಜೆ ಅದೇ ಹೊತ್ತಿಗೆ ಕರೆದು ಚಹಾ, ಬನ್ನು ಕೊಟ್ಟು, "ಇವತ್ತೇನು ಕಲಿಸಿದರು ಹೇಳು" ಅನ್ನುತ್ತಿದ್ದರು. ಅವರಿಗೆ ಓದು ಬರೆಹ ಬರುತ್ತಿರಲಿಲ್ಲ. ಆದರೆ ಅವರಿಗೆ ಹೇಳಬೇಕಲ್ಲ ಅಂತ ನಾನು ಕ್ಲಾಸಲ್ಲಿ ಕಿವಿ ಕೊಡುವುದಕ್ಕೆ ಶುರುಮಾಡಿದೆ. ಈಗ ನರ್ಸ್ ಆಗಿದ್ದೇನೆ. ಅಕ್ಕ, ಅವನ ಮನೆಯ ಬಾಡಿಗೆ ಕಥೆ ಏನು, ಇನ್ನೆಷ್ಟು ದಿನ ಇಲ್ಲಿರುತ್ತಾರೆ ಅಂತ ಒಮ್ಮೆ ಕೇಳಿ. ಅವನ ತಲೆಯಲ್ಲಿ ಅದೇ ತುಂಬಿರಬಹುದು.

ಮುಂಬೈ ಮೇಷ್ಟ್ರು:
ನಾನು ಮೂವತ್ತು ವರ್ಷ ಇಲ್ಲಿ ಕನ್ನಡ ಮಕ್ಕಳಿಗೆ ಪಾಠ ಮಾಡಿದವನು. ಎಲ್ಲ ಪುಸ್ತಕ ಹೊತ್ತು ತರುತ್ತಾನೆ ಅಂದರೆ ಸೋಮಾರಿ ಅಲ್ಲ, ಅವನೇ ಒಂದು ದಾರಿ ಹುಡುಕಿಕೊಂಡಿದ್ದಾನೆ ಅಲ್ವಾ. ಆ ದಾರಿಯನ್ನೇ ಹಗುರ ಮಾಡಿ. ಒಂದು ರಟ್ಟಿನ ಮೇಲೆ ವಾರದ ಟೈಮ್‌ಟೇಬಲ್ ಕನ್ನಡದಲ್ಲಿ ಅವನ ಕೈಯಿಂದಲೇ ಬರೆಸಿ, ಪ್ರತಿ ಪುಸ್ತಕದ ರಟ್ಟಿಗೆ ಒಂದು ಬಣ್ಣದ ಚುಕ್ಕೆ ಹಾಕಿಸಿ. ರಾತ್ರಿ ಮಲಗುವ ಮುಂಚೆ ಚುಕ್ಕೆ ನೋಡಿ ಜೋಡಿಸಿದರೆ ಸಾಕು, ನೆನಪಿಡುವ ಗೋಜಿಲ್ಲ.

ಇನ್ನು ಹೊಡೆತದ ವಿಷಯ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ಪ್ರಕಾರ ಮಕ್ಕಳನ್ನು ಹೊಡೆಯುವ ಹಾಗಿಲ್ಲ, ಮನಸ್ಸು ನೋಯಿಸುವ ಹಾಗೂ ಇಲ್ಲ. ಹೆಡ್‌ಮಾಸ್ಟರ್ ಹತ್ತಿರ ಹೋಗಿ ಮೆತ್ತಗೇ ಹೇಳಿ, ಆದರೆ ಹೇಳಿ. 14ರವರೆಗೆ ಓದು ಅವನ ಹಕ್ಕು ಅಂತ ಅಪ್ಪನಿಗೂ ತಿಳಿಸಿ. ಜಗಳಕ್ಕೆ ಹೋಗಬೇಡಿ, ಮಗನ ಬಾಯಿಲೆಕ್ಕ ತೋರಿಸಿ.

ವಾಸ್ಕೋ ಅಕ್ಕ:
ತುಂಬಾ ಥ್ಯಾಂಕ್ಸ್. ಇವತ್ತು ಚುಕ್ಕೆ ಹಾಕಿಸಿದೆ. ಲೆಕ್ಕಕ್ಕೆ ಕೆಂಪು ಬೇಕು ಅಂತ ಅವನೇ ಆರಿಸಿದ. ಬಾಡಿಗೆ ಕೇಳಿದೆ, ಮೂರು ತಿಂಗಳಲ್ಲಿ ಎರಡು ರೂಮು ಬದಲಾಯಿಸಿದ್ದಾರೆ, ನನಗೆ ಗೊತ್ತೇ ಇರಲಿಲ್ಲ. ಅಪ್ಪ ಭಾನುವಾರ ಮನೆಯಲ್ಲಿರುತ್ತಾರಂತೆ, ಲೆಕ್ಕದ ನೋಟ್‌ಬುಕ್ ತೆಗೆದುಕೊಂಡು ಹೋಗುತ್ತೇನೆ.