ಸ್ಕೀ ಆಡುವುದೋ, ಓಡಿಸುವುದೋ, ಜಾರುವುದೋ? ಜೊತೆಗೆ ‘ಹಿಮಪಾತ’ದ ಗೊಂದಲ

ಗೆಳೆಯರೆ,

ಇಲ್ಲಿ ಮ್ಯೂನಿಕ್ಕಿನಲ್ಲಿ ನಮ್ಮ ಕನ್ನಡ ಕೂಟದವರು ಯುಗಾದಿ ಸಂಚಿಕೆಗೆ ಪ್ರವಾಸ ಲೇಖನ ಕೇಳಿದ್ದಾರೆ. ಫೆಬ್ರವರಿಯ ಶಾಲಾ ರಜೆಯಲ್ಲಿ ಮಕ್ಕಳನ್ನೂ, ಸಿರಸಿಯಿಂದ ಬಂದಿದ್ದ ಅಕ್ಕ-ಭಾವನನ್ನೂ ಕರೆದುಕೊಂಡು ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಸಾಗುವ ಸ್ಕೀಗೆಂದು ಆಸ್ಟ್ರಿಯಾದ ಸೇಂಟ್ ಆಂಟನ್‌ಗೆ ಹೋಗಿದ್ದೆವು. ಅದನ್ನೇ ಬರೆಯೋಣ ಎಂದು ಕೂತರೆ ಸಾಲುಸಾಲಿಗೂ ಪದದ ತಕರಾರು. ಸಂಪಾದಕರು ಬೇರೆ ‘ಆದಷ್ಟೂ ಅಚ್ಚಗನ್ನಡದಲ್ಲಿರಲಿ’ ಎಂದಿದ್ದಾರೆ. ಹಾಗಾಗಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲಿಗೆ ಕ್ರಿಯಾಪದ. ನನ್ನ ಮಕ್ಕಳು ಸಲೀಸಾಗಿ ‘ಸ್ಕೀ ಓಡಿಸ್ತೀವಿ’ ಅನ್ನುತ್ತಾರೆ. ಅದು ಜರ್ಮನ್ನಿನ ನೆರಳು. ಇಲ್ಲಿ ಕಾರು, ಸೈಕಲ್ಲು, ಸ್ಕೀ ಮೂರಕ್ಕೂ ‘ಫಾರೆನ್’ ಎಂಬ ಒಂದೇ ಕ್ರಿಯಾಪದ. ಅಕ್ಕ ‘ಸ್ಕೀ ಆಡ್ತಾರೆ’ ಅಂದಳು. ಪತ್ರಿಕೆಗಳಲ್ಲಿ ‘ಸ್ಕೀಯಿಂಗ್ ಮಾಡಿದರು’ ಎಂದು ಬರುತ್ತದೆ. ನನಗೇನೋ ಸೈಕಲ್ ಹೊಡೆದ ಹಾಗೆ, ಈಜು ಹೊಡೆದ ಹಾಗೆ ‘ಸ್ಕೀ ಹೊಡೆ’ ಎನ್ನುವುದೇ ಬಾಯಿಗೆ ಹತ್ತಿರ ಅನ್ನಿಸುತ್ತದೆ. ಅಚ್ಚಿನಲ್ಲಿ ಒರಟಾಗಿ ಕಾಣುತ್ತದೆಯೇ?

‘ಜಾರು’ ಎಂಬುದನ್ನು ಎಲ್ಲರೂ ಮೊದಲು ಸೂಚಿಸುತ್ತಾರೆ, ಗೊತ್ತು. ‘ಹಿಮಜಾರಾಟ’ ಎಂದು ಅಲ್ಲಲ್ಲಿ ಬಳಕೆಯೂ ಇದೆ. ನನ್ನ ತಕರಾರು ಇಷ್ಟು: ಕನ್ನಡದಲ್ಲಿ ನಾಲಿಗೆ ಜಾರುತ್ತದೆ, ಸೆರಗು ಜಾರುತ್ತದೆ, ಕೈ ಜಾರಿ ಲೋಟ ಬೀಳುತ್ತದೆ. ಬೇಕೆಂದು ಜಾರುವುದು ಕಡಿಮೆ. ಜಾರುಬಂಡೆಯ ಮೇಲೆ ಮಕ್ಕಳು, ಕೆಲಸದ ಹೊತ್ತಿಗೆ ಜಾರಿಕೊಳ್ಳುವ ದೊಡ್ಡವರು, ಅಷ್ಟೇ. ಸ್ಕೀ ಕಲಿಯುವವರು ಮೊದಲ ವಾರವಿಡೀ ಕಲಿಯುವುದು ಜಾರದೆ ನಿಲ್ಲುವುದನ್ನು. ಅಲ್ಲದೆ ‘ಜಾರಾಟ’ವನ್ನು ಷಷ್ಠೀ ತತ್ಪುರುಷ ಮಾಡಿ ‘ಜಾರರ ಆಟ’ ಎಂದು ಬಿಡಿಸುವ ಕಿಡಿಗೇಡಿಗಳು ಈ ಗುಂಪಿನಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ.

ಇನ್ನೊಂದು ತೊಡಕು. ಕೊಡಗಿನ ತೆಕ್ಕಡ ಭವಾನಿ ಹೆಸರು ಮಾಡಿರುವುದು ಕ್ರಾಸ್‌ಕಂಟ್ರಿ ಸ್ಕೀಯಲ್ಲಿ. ಅಲ್ಲಿ ಸಪಾಟು ನೆಲ, ಏರು, ಇಳುಕಲು ಎಲ್ಲವೂ ಬರುತ್ತದೆ. ಕಾಲಿನಿಂದ ಒದ್ದು, ಕೋಲಿನಿಂದ ಒತ್ತಿ ಮುಂದೆ ಹೋಗಬೇಕು. ಏರಿನಲ್ಲಿ ಜಾರಿದರೆ ಹಿಂದಕ್ಕೆ ಹೋದಂತೆಯೇ. ಅವರನ್ನು ‘ಹಿಮಜಾರಾಟಗಾರ್ತಿ’ ಎಂದರೆ ಅವರ ಅರ್ಧ ಬೆವರನ್ನು ಅಳಿಸಿ ಹಾಕಿದಂತಾಗುತ್ತದೆ.

ಉಪಕರಣದ ಹೆಸರು ‘ಸ್ಕೀ’ ಎಂದೇ ಇರಲಿ ಎಂಬುದು ನನ್ನ ನಿಲುವು. ನಾರ್ವೆಯವರು, ಜರ್ಮನರು ‘ಶೀ’ ಅನ್ನುತ್ತಾರೆ, ಆದರೆ ನಮಗೆ ಇಂಗ್ಲಿಷಿನ ದಾರಿಯಲ್ಲಿ ಬಂದದ್ದು ‘ಸ್ಕೀ’, ಈಗ ಬದಲಿಸುವುದು ಬೇಡ. ಪದದ ಬೇರು ಹಳೆಯ ನಾರ್ಸ್ ಭಾಷೆಯದು, ಸೀಳಿದ ಮರದ ತುಂಡು ಎಂದು ಅರ್ಥ. ಇದನ್ನು ಭಾವನಿಗೆ ಬಾಡಿಗೆ ಅಂಗಡಿಯಲ್ಲಿ ಹೇಳುತ್ತಿದ್ದೆ. ಅಲ್ಲಿಯ ಹುಡುಗ ನನ್ನ ಕಾಲನ್ನು ಗಟ್ಟಿ ಬೂಟಿನೊಳಗೆ ತುರುಕಿ, ನಾಲ್ಕೂ ಕೊಂಡಿ ಬಿಗಿದು, ನನ್ನ ತೂಕ ಕೇಳಿಕೊಂಡು ಸ್ಕೀಯ ಕಟ್ಟನ್ನು ಸ್ಕ್ರೂಡ್ರೈವರಿನಲ್ಲಿ ತಿರುಗಿಸುತ್ತಿದ್ದ. ಬಿದ್ದಾಗ ಬೂಟು ತಾನಾಗಿ ಕಳಚಿಕೊಳ್ಳಬೇಕಲ್ಲ, ಅದಕ್ಕೆ ಆ ಲೆಕ್ಕ. ಭಾವ ಎಲ್ಲವನ್ನೂ ನೋಡಿ, ‘ಸೀಳಿದ ಮರ ಅಂದ್ರೆ ನಮ್ಮ ಅಡಿಕೆ ದಬ್ಬೆನೇ ಆಯ್ತಲ್ಲೋ. ಕಾಲು ಮುರಿದ ಮೇಲೆ ದಬ್ಬೆ ಕಟ್ಟೋದು ನೋಡಿದ್ದೆ, ಮುರಿಯೋಕೆ ಮೊದಲೇ ಕಟ್ಟೋದು ಇಲ್ಲೇ ನೋಡಿದ್ದು’ ಎಂದರು. ವ್ಯುತ್ಪತ್ತಿಯ ಮಟ್ಟಿಗೆ ‘ದಬ್ಬೆ’ಯನ್ನು ಮೀರಿಸುವ ಪದ ಸಿಗಲಾರದು. ಆದರೂ ಲೇಖನದಲ್ಲಿ ಬಳಸುವ ಧೈರ್ಯ ನನಗಿಲ್ಲ.

ಕಲಿಕೆಯ ಮಾತುಗಳಲ್ಲಿ ಮಾತ್ರ ಕನ್ನಡ ಧಾರಾಳವಾಗಿ ಒದಗುತ್ತದೆ. ಈ ಊರಿಗೆ ಸ್ಕೀ ಕಲಿಸುವುದರಲ್ಲಿ ದೊಡ್ಡ ಹೆಸರಿದೆ. ಆರ್ಲ್‌ಬೆರ್ಗ್ ಸ್ಕೀ ಕ್ಲಬ್ಬು ಹುಟ್ಟಿದ್ದು 1901ರಲ್ಲಿ. ಆರ್ಲ್‌ಬೆರ್ಗ್ ಎಂಬುದು ಇಲ್ಲಿಯ ಘಟ್ಟ; ಅದರ ಆಚೆಯ ಸ್ಟೂಬೆನ್ ಹಳ್ಳಿಯ ಹಾನೆಸ್ ಶ್ನೈಡರ್ 1907ರಲ್ಲಿ ಇಲ್ಲಿಗೆ ಸ್ಕೀ ಮೇಷ್ಟರಾಗಿ ಬಂದವನು. ಹಂತಹಂತವಾಗಿ ಕಲಿಸುವ ಅವನ ಕ್ರಮವೇ ಆರ್ಲ್‌ಬೆರ್ಗ್ ಪದ್ಧತಿ ಎಂದು ಲೋಕದಲ್ಲೆಲ್ಲ ಹರಡಿತು. ಅದರ ಮೊದಲ ಪಾಠಕ್ಕೆ ಜರ್ಮನ್ನಿನಲ್ಲಿ ಹಿಮದ ನೇಗಿಲು ಎಂಬರ್ಥದ ಹೆಸರು. ಸ್ಕೀಗಳ ಮೊನೆ ಕೂಡಿಸಿ, ಹಿಮ್ಮಡಿ ಅಗಲಿಸಿ, ಒಳ ಅಂಚಿನ ಮೇಲೆ ಭಾರ ಬಿಟ್ಟರೆ ವೇಗ ತಗ್ಗುತ್ತದೆ. ಈಗಿನ ಮೇಷ್ಟರು ಮಕ್ಕಳಿಗೆ ‘ಪಿಟ್ಸಾ, ಪಿಟ್ಸಾ’ ಎಂದು ಕೂಗುತ್ತಾರೆ, ಸ್ಕೀ ನೇರವಾಗಿ ಜೋಡಿಸಿಕೊಳ್ಳುವುದಕ್ಕೆ ‘ಪೊಮ್ಮೆಸ್’, ಅಂದರೆ ಆಲೂಗಡ್ಡೆ ಕಡ್ಡಿ. ನಾನು ‘ನೇಗಿಲು’ ಎಂದೇ ಬರೆದಿದ್ದೇನೆ. ಮೊನೆ, ಅಂಚು, ಹಿಮ್ಮಡಿ, ವಾಲು, ಮಂಡಿ ಮಡಿಸು: ಇವಕ್ಕೆಲ್ಲ ನಿಘಂಟು ತೆರೆಯಬೇಕಾಗಲಿಲ್ಲ. ‘ಟರ್ನ್’ಗೆ ರಸ್ತೆಯ ‘ತಿರುವು’ ಸ್ವಲ್ಪ ಜಡವಾಯಿತು; ‘ಬಳುಕು’ ಹೇಗೆ? ‘ನಾಲ್ಕು ಬಳುಕಿನಲ್ಲಿ ಇಳಿದಳು’ ಎಂದರೆ ನಿಮಗೆ ಚಿತ್ರ ಕಟ್ಟುತ್ತದೆಯೇ?

ಲಿಫ್ಟುಗಳ ವಿಷಯದಲ್ಲಿ ಅಕ್ಕ ಸಮಸ್ಯೆ ಬಿಡಿಸಿದಳು. ಗಾಲ್‌ಟ್ಸಿಗ್ ಬೆಟ್ಟಕ್ಕೆ ಹೋಗುವ ಗಂಡೋಲಾದ (ತಂತಿಗೆ ತೂಗುಬಿದ್ದು ಸಾಗುವ ಡಬ್ಬಿಗಳ ಲಿಫ್ಟು) ಕೆಳಗಿನ ನಿಲ್ದಾಣದಲ್ಲಿ, 2006ರಲ್ಲಿ ಹೊಸದಾಗಿ ಕಟ್ಟಿದಾಗ, ದೊಡ್ಡ ಚಕ್ರಗಳನ್ನು ಇಟ್ಟಿದ್ದಾರೆ. ಮೇಲಿನಿಂದ ಬಂದ ಡಬ್ಬಿಗಳು ಚಕ್ರದ ಸುತ್ತ ಇಳಿದು ನೆಲಮಟ್ಟದಲ್ಲಿ ಜನರನ್ನು ಹತ್ತಿಸಿಕೊಂಡು ಮತ್ತೆ ಮೇಲೇರುತ್ತವೆ. ಗಾಜಿನ ಗೋಡೆಯ ಆಚೆಗೇ ಕಾಣುತ್ತದೆ. ಅಕ್ಕ ನೋಡಿದ ತಕ್ಷಣ ‘ಮಾರಿಜಾತ್ರೆ ತೊಟ್ಲು’ ಅಂದಳು. ಗಂಡೋಲಾಗೆ ‘ತೊಟ್ಟಿಲು’ ಎಂದು ಇಟ್ಟುಬಿಟ್ಟಿದ್ದೇನೆ, ಯಾರೂ ಬೇಡ ಎನ್ನಬೇಡಿ.

ಇಳಿಯುವ ಹಾದಿಗಳಿಗೆ ಬಣ್ಣದ ಗುರುತು: ನೀಲಿ ಸುಲಭ, ಕೆಂಪು ನಡುವಿನದು, ಕಪ್ಪು ಕಡಿದು. ‘ಇಳಿಹಾದಿ’ ಎಂದಿದ್ದೇನೆ, ಚರ್ಚೆ ಬೇಕಿಲ್ಲ.

‘ಆಪ್ರೆ ಸ್ಕೀ’ಗೆ ಬಂದರೆ ಕಥೆ ಬೇರೆ. ಸೇಂಟ್ ಆಂಟನ್ ಇದಕ್ಕೂ ಹೆಸರುವಾಸಿ. ಮಧ್ಯಾಹ್ನ ಮೂರು ದಾಟುತ್ತಿದ್ದಂತೆ ಊರಿನ ಮೇಲಿನ ಇಳಿಜಾರಿನ ಹಟ್ಟಿಗಳಲ್ಲಿ, ಅಂದರೆ ಕುಡಿದು ತಿನ್ನುವ ಮರದ ಮನೆಗಳಲ್ಲಿ, ಹಾಡು ಶುರು. ಸ್ಕೀಗಳನ್ನು ಹೊರಗೆ ಹಿಮದಲ್ಲಿ ನೆಟ್ಟು, ಬೂಟಿನಲ್ಲೇ ಮೇಜಿನ ಮೇಲೆ ಹತ್ತಿ ಕುಣಿಯುತ್ತಾರೆ. ಕತ್ತಲಾದ ಮೇಲೆ ಅದೇ ಸ್ಕೀ ಕಟ್ಟಿಕೊಂಡು ಊರಿಗೆ ಇಳಿಯುತ್ತಾರೆ, ಅಥವಾ ಇಳಿಯಲು ನೋಡುತ್ತಾರೆ. ಫ್ರೆಂಚಿನಲ್ಲಿ ‘ಸ್ಕೀ ಆದ ಮೇಲೆ’ ಎಂದಷ್ಟೇ ಅರ್ಥ. ‘ಸ್ಕೀ’ಗೆ ‘ಉತ್ತರ’ ಸೇರಿಸಿದರೆ ಯಣ್ ಸಂಧಿಯಾಗಿ ‘ಸ್ಕ್ಯುತ್ತರ’. ಕನ್ನಡದ ಆಗಮ ಸಂಧಿ ಮಾಡಿದರೆ ‘ಸ್ಕೀಯುತ್ತರ’. ಎರಡನ್ನೂ ಕುಡಿಯದೆ ಉಚ್ಚರಿಸುವುದು ಕಷ್ಟ. ‘ಇಳಿಹೊತ್ತಿನ ಗದ್ದಲ’ ಎಂದು ಬರೆದು ಮುಂದೆ ಹೋದೆ. ಮಕ್ಕಳಿರುವ ಮನೆಯವರು ಊರಿನ ಇನ್ನೊಂದು ಕಡೆಯ ನಾಸೆರೈನ್‌ನಲ್ಲಿ ಉಳಿದುಕೊಂಡರೆ ರಾತ್ರಿ ನಿದ್ದೆಯಾದರೂ ಬರುತ್ತದೆ ಎಂಬುದನ್ನು ಪದಚರ್ಚೆಯಲ್ಲದಿದ್ದರೂ ಹೇಳಿಬಿಡುತ್ತೇನೆ.

ಇಲ್ಲಿಯವರೆಗಿನದು ರುಚಿಯ ಮಾತು, ಯಾವ ಪದ ಇಟ್ಟರೂ ಯಾರಿಗೂ ಪೆಟ್ಟಾಗುವುದಿಲ್ಲ. ಹಿಮದ ಮಾತು ಹಾಗಲ್ಲ.

‘ಮಂಜು’ ನಮಗೆ ಮಡಿಕೇರಿಯಲ್ಲಿ ಮುಸುಕುವಂಥದ್ದು. ಅದೇ ಪದವನ್ನು ಕಾಶ್ಮೀರದಲ್ಲಿ ಬೀಳುವುದಕ್ಕೂ ಬಳಸುತ್ತೇವೆ. ‘ಮಂಜಿನಲ್ಲಿ ದಾರಿ ತಪ್ಪಿದರು’ ಎಂದು ಬರೆದರೆ ಬೆಟ್ಟದ ಮೇಲೆ ಆದದ್ದೇನು? ಹಾಗಾಗಿ ಮುಸುಕುವುದು ಮಂಜು, ಬೀಳುವುದು ಹಿಮ ಎಂದು ಗೆರೆ ಎಳೆದುಕೊಂಡೆ. ಹೊಸದಾಗಿ ಬಿದ್ದ ಒಣ ಹಿಮಕ್ಕೆ ‘ಹಿಟ್ಟುಹಿಮ’. ಹಗಲು ಕರಗಿ ರಾತ್ರಿ ಗಟ್ಟಿಯಾಗಿ ಹರಳುಗಟ್ಟುವ ವಸಂತದ ಹಿಮಕ್ಕೆ ‘ರವೆಹಿಮ’.

ಈಗ ನಿಜವಾದ ಪ್ರಶ್ನೆ, ‘ಹಿಮಪಾತ’. ಹತ್ತಿ ಉದುರಿದಂತೆ ಹಿಮ ಬೀಳುವುದಕ್ಕೂ ಇದೇ ಪದ, ಬೆಟ್ಟದ ಮಗ್ಗುಲೇ ಕಿತ್ತು ಬಂದು ಮನೆಗಳನ್ನು ಮುಚ್ಚುವುದಕ್ಕೂ ಇದೇ ಪದ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಆರು ದಿನ ಹಿಮದಡಿ ಸಿಕ್ಕಿಕೊಂಡು ಉಸಿರು ಹಿಡಿದಿದ್ದ, ಆಮೇಲೆ ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಧಾರವಾಡ ಜಿಲ್ಲೆ ಬೆಟದೂರಿನ ಯೋಧ ಹನುಮಂತಪ್ಪ ಕೊಪ್ಪದ ಅವರ ಸುದ್ದಿಯಲ್ಲಿ ‘ಹಿಮಪಾತ’, ‘ಹಿಮಕುಸಿತ’ ಎರಡೂ ಬಂದಿದ್ದವು. ಸೇಂಟ್ ಆಂಟನ್‌ನ ದಕ್ಷಿಣಕ್ಕೆ, ಬೆಟ್ಟಸಾಲಿನಾಚೆ ಗಾಲ್ಟ್ಯೂರ್ ಎಂಬ ಹಳ್ಳಿಯಿದೆ. 1999ರ ಫೆಬ್ರವರಿ 23ರಂದು ಅಲ್ಲಿ 31 ಜನ ಸತ್ತರು. ದಿನಗಟ್ಟಲೆ ಸುರಿದದ್ದು ಒಂದು, ಆ ಮಧ್ಯಾಹ್ನ ಮೇಲಿನಿಂದ ಇಳಿದು ಬಂದದ್ದು ಇನ್ನೊಂದು. ಎರಡಕ್ಕೂ ‘ಹಿಮಪಾತ’ ಎಂದರೆ ‘ಹಿಮಪಾತದಿಂದ ಹಿಮಪಾತವಾಯಿತು’ ಎಂದು ಬರೆಯಬೇಕಾಗುತ್ತದೆ. ‘ಕುಸಿತ’ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ಗುಡ್ಡ ಕುಸಿಯುತ್ತದೆ, ಗೋಡೆ ಕುಸಿಯುತ್ತದೆ. ಇದು ಧಾವಿಸಿ ಬರುವಂಥದ್ದು. ಆದರೂ ಬೇರೆ ಗತಿಯಿಲ್ಲದೆ ಸುರಿಯುವುದಕ್ಕೆ ‘ಹಿಮ ಬೀಳು’, ನುಗ್ಗುವುದಕ್ಕೆ ‘ಹಿಮಕುಸಿತ’ ಎಂದು ಇಟ್ಟುಕೊಂಡಿದ್ದೇನೆ. ‘ಹಿಮಪಾತ’ವನ್ನು ಎಲ್ಲೂ ಬಳಸಿಲ್ಲ.

ಕೊನೆಯ ಗಂಟು ಇದಕ್ಕೇ ಹೊಂದಿಕೊಂಡದ್ದು. ಲಿಫ್ಟಿನ ಬುಡದಲ್ಲಿ ಹಿಮಕುಸಿತದ ಅಪಾಯ ಎಷ್ಟಿದೆ ಎಂದು 1ರಿಂದ 5ರವರೆಗಿನ ಅಂಕಿಯಲ್ಲಿ ಹಾಕಿರುತ್ತಾರೆ. 1 ಕಡಿಮೆ, 2 ಸಾಧಾರಣ, 4 ಹೆಚ್ಚು, 5 ಅತಿ ಹೆಚ್ಚು. ನಡುವಿನ 3ಕ್ಕೆ ಜರ್ಮನ್ನಿನಲ್ಲಿ ‘ಎರ್‌ಹೇಬ್ಲಿಶ್’. ಗುರುತು ಹಾಕಿದ ಹಾದಿ ಬಿಟ್ಟು ಹೋದವರಲ್ಲಿ ಹೆಚ್ಚಿನವರು ಪ್ರಾಣ ಕಳೆದುಕೊಳ್ಳುವುದು ಈ 3ರ ದಿನಗಳಲ್ಲೇ. 4, 5 ಇದ್ದಾಗ ಜನ ತಾವಾಗಿಯೇ ಹೆದರಿ ಹೋಗುವುದಿಲ್ಲ. ನಿಘಂಟು ‘ಗಣನೀಯ’ ಎನ್ನುತ್ತದೆ. ಆದರೆ ಕನ್ನಡದಲ್ಲಿ ಗಣನೀಯವಾಗಿರುವುದು ಸೇವೆ, ಸಾಧನೆ, ಕೊಡುಗೆ. ‘ಗಣನೀಯ ಅಪಾಯ’ ಎಂದರೆ ಅದಕ್ಕೆ ಶಾಲು ಹೊದಿಸಬೇಕು ಅನ್ನಿಸುತ್ತದೆ. ‘ಸಾಕಷ್ಟು ಅಪಾಯ’ ಎಂದರೆ ಇನ್ನು ಬೇಡ, ಸಾಕು ಎಂಬ ಧ್ವನಿ. ‘ಮಧ್ಯಮ’ ಎಂದರೆ ಓದುಗರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಭಾವ ‘ಜೋರೇ ಇದೆ’ ಎಂದು ಸೂಚಿಸಿದ್ದಾರೆ. ಸದ್ಯಕ್ಕೆ ಅದೇ ಎಲ್ಲಕ್ಕಿಂತ ಮೇಲು, ಆದರೆ ಫಲಕದ ಭಾಷೆಯಲ್ಲ.

ಲೇಖನ ಕಳಿಸಲು ಮುಂದಿನ ಭಾನುವಾರದವರೆಗೆ ಸಮಯವಿದೆ. ಸಿಯಾಚಿನ್, ಲಡಾಖ್ ಕಡೆ ಸೇನೆಯಲ್ಲಿದ್ದವರು, ಅಥವಾ ಅಂಥವರ ಮನೆಯವರು ಗುಂಪಿನಲ್ಲಿದ್ದರೆ ದಯವಿಟ್ಟು ತಿಳಿಸಿ: ಅಲ್ಲಿನ ನಮ್ಮ ಹುಡುಗರು ತಮ್ಮತಮ್ಮಲ್ಲಿ ಕನ್ನಡ ಆಡುವಾಗ ಹಿಮಕುಸಿತಕ್ಕೆ ಏನನ್ನುತ್ತಾರೆ?